ಮೀನಖಂಡ ಹರಿದ ಆಟಗಾರನ್ನ ಯಾವಾಗ ಮೈದಾನಕ್ಕ ಇಳಸಬೇಕು? ಕಲಬುರಗಿ ಫುಟ್‌ಬಾಲ್ ಮಂದಿ ಹೇಳ್ರಿ

ಎಡಗಡೆ ಬ್ಯಾಕ್, ಕಲಬುರಗಿ:
ನಮಸ್ಕಾರ್ರಿ ಎಲ್ಲರಿಗೂ. ನಮ್ಮ ತಂಡದ ಲೆಫ್ಟ್ ಬ್ಯಾಕ್ ಬಗ್ಗೆ ಕೇಳಬೇಕಾಗ್ಯದ. ವಯಸ್ಸು 32. ಮ್ಯಾಚಿನ ಕೊನೀ ಹದಿನೈದು ನಿಮಿಷದಾಗ ನಿಂತಲ್ಲಿಂದ ಒಮ್ಮೆಲೇ ಓಡ್ಲಿಕ್ಕೆ ಹೋದಾಗ ಬಲಗಾಲ ಮೀನಖಂಡಕ್ಕ ಹಿಂದಿನಿಂದ ಯಾರೋ ಒದ್ದಂಗ ಆಯ್ತಂತ. ತಿರುಗಿ ನೋಡಿದ್ರ ಹತ್ತಿರ ಯಾರೂ ಇದ್ದಿಲ್ಲ. ಇವತ್ತಿಗೆ ನಾಲ್ಕನೇ ದಿನ. ಕುಂಟಕೋತ ನಡೀತಾನ, ನಿನ್ನೆಯಿಂದ ನೀಲಿ ಕಲೆ ಕಣಕಾಲಿನ ತನಕ ಇಳಿದದ. ಎಕ್ಸ್‌ರೇ ತೆಗೆಸಿದ್ವಿ, ಎಲುಬಿಗೆ ಏನೂ ಆಗಿಲ್ಲ. ಮನೀ ಮಂದಿ ಎಣ್ಣಿ ಹಚ್ಚಿ ತಿಕ್ಕಿಸ್ರಿ ಅಂತಾರ, ಒಬ್ಬರು ಹದಿನೈದು ದಿನ ಕಾಲು ನೆಲಕ್ಕ ಇಡಬ್ಯಾಡ ಅಂತಾರ, ಕ್ಯಾಪ್ಟನ್ ಪಟ್ಟಿ ಕಟ್ಟಿ ಇಳಸೂಣು ಅಂತಾನ. ಮುಂದಿನ ಮ್ಯಾಚಿಗೆ 11 ದಿನ ಅವ.

ಫಿಸಿಯೊ, ಬೀದರ್:
ಎಣ್ಣಿ ಬ್ಯಾಡ, ಹಾಸಿಗಿ ಹಿಡಿಸೋದು ಬ್ಯಾಡ, ಆ ಮ್ಯಾಚೂ ಬ್ಯಾಡ. ಒಂದೊಂದಾಗಿ ಹೇಳ್ತೀನಿ.

ಹಿಂದಿನಿಂದ ಒದ್ದಂಗ ಆಯ್ತು ಅನ್ನೋದು ಎರಡು ಗಾಯಗಳಲ್ಲಿ ಬರೋ ಮಾತು. ಒಂದು ಮೀನಖಂಡದ ಸ್ನಾಯು ಹರಿಯೋದು, ಇನ್ನೊಂದು ಹಿಮ್ಮಡದ ಮೇಲಿನ ದಪ್ಪ ನರ, ಅಂದ್ರೆ ಅಕಿಲಿಸ್ ಸ್ನಾಯುರಜ್ಜು, ತುಂಡಾಗೋದು. ಎರಡನೆಯದು ತಪ್ಪಿಹೋದ್ರೆ ತಿಂಗಳುಗಟ್ಟಲೆ ನಷ್ಟ. ಹುಡುಗನ್ನ ಮಂಚದ ಮೇಲೆ ಬೋರಲು ಮಲಗಿಸಿ, ಪಾದ ಅಂಚಿನ ಹೊರಗೆ ಜೋತು ಬೀಳಲಿ. ಮೀನಖಂಡದ ದಪ್ಪ ಭಾಗವನ್ನ ಕೈಯಿಂದ ಮೆಲ್ಲಗೆ ಹಿಂಡಿ. ಪಾದದ ತುದಿ ಕೆಳಮುಖವಾಗಿ ಚಲಿಸಬೇಕು. ಚಲಿಸದಿದ್ರೆ, ಅಥವಾ ಹಿಮ್ಮಡದಿಂದ ಮೂರ್ನಾಲ್ಕು ಬೆರಳು ಮೇಲೆ ಗುಂಡಿ ಸಿಕ್ಕಿದ್ರೆ, ಅವತ್ತೇ ಮೂಳೆ ತಜ್ಞರ ಹತ್ತಿರ ಹೋಗಬೇಕು. ನಿಂತು ಪಾದ ಸ್ವಲ್ಪ ಅಲ್ಲಾಡಿಸ್ತಾನೆ ಅನ್ನೋದನ್ನ ನಂಬಬ್ಯಾಡ್ರಿ. ಅಕಿಲಿಸ್ ಪೂರ್ತಿ ತುಂಡಾದವರೂ ಪಕ್ಕದ ಸಣ್ಣ ಸ್ನಾಯುಗಳಿಂದ ಅಷ್ಟು ಅಲ್ಲಾಡಿಸ್ತಾರೆ.

ಇನ್ನೊಂದು ರಕ್ತ ಹೆಪ್ಪುಗಟ್ಟೋದು. ಪೂರಾ ಮೀನಖಂಡ ಬಾತು, ಬಿಸಿಯಾಗಿ, ಚರ್ಮ ಮಿಂಚಿದ್ರೆ, ಬೆರಳಿಂದ ಒತ್ತಿದ ಗುಳಿ ಹಾಗೇ ಉಳಿದ್ರೆ ಡಾಪ್ಲರ್ ಸ್ಕ್ಯಾನ್, ಅಂದ್ರೆ ರಕ್ತನಾಳದಲ್ಲಿ ರಕ್ತ ಹರಿಯೋದನ್ನ ನೋಡೋ ಸ್ಕ್ಯಾನ್, ಮಾಡಿಸ್ರಿ. ಗಾಯವಾಗಿ ಕದಲದೆ ಕೂತವರಿಗೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದವರಿಗೆ ಇದರ ಭಯ ಜಾಸ್ತಿ. ಅಂಥ ಕಾಲನ್ನ ತಿಕ್ಕಿದ್ರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಜೊತೆಗೆ ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ತುರ್ತು ವಿಭಾಗಕ್ಕೇ ಹೋಗಬೇಕು. ಕಾಲು ಕಲ್ಲಿನಂತೆ ಬಿಗಿದು, ಬೆರಳು ಜೋಮು ಹಿಡಿದು, ಗುಳಿಗೆ ತಗೊಂಡರೂ ನೋವು ಏರುತ್ತಾ ಹೋದ್ರೂ ಅಷ್ಟೇ, ಬೆಳಗಿನ ತನಕ ಕಾಯಬ್ಯಾಡ್ರಿ.

ನೀಲಿ ಕಲೆ ಕಣಕಾಲಿಗೆ ಇಳಿದದ್ದಕ್ಕೆ ಹೆದರಬ್ಯಾಡ್ರಿ, ಮೇಲೆ ಸೋರಿದ ರಕ್ತ ಭಾರಕ್ಕೆ ಕೆಳಗೆ ಜಾರುತ್ತದೆ. ಎಕ್ಸ್‌ರೇಯಲ್ಲಿ ಸ್ನಾಯು ಕಾಣೋದಿಲ್ಲ. ಅಲ್ಟ್ರಾಸೌಂಡ್ ಮಾಡಿಸೋದಾದ್ರೆ ಎರಡು ದಿನ ಕಳೆದ ಮೇಲೆ ಚೆನ್ನಾಗಿ ತಿಳೀತದೆ, ನೀವು ಈಗ ಮಾಡಿಸಬಹುದು.

ಗೋಲಿ, ಶಹಾಬಾದ್:
ಎಣ್ಣಿ ಯಾಕ ಬ್ಯಾಡ್ರಿ ಸರ? ತಲೆತಲಾಂತರದಿಂದ ಉಳುಕು ತೆಗೆಯೋರು ತಿಕ್ಕೇ ಛಲೋ ಮಾಡ್ತಾರಲ್ಲ.

ಫಿಸಿಯೊ, ಬೀದರ್:
ಉಳುಕು ಬ್ಯಾರೆ, ಹರಿದದ್ದು ಬ್ಯಾರೆ. ಹರಿದ ಜಾಗದಲ್ಲಿ ಮೊದಲ ಮೂರು ದಿನ ರಕ್ತ ನಿಲ್ಲೋದು, ಜಾಲಿ ಹೆಣೆಯೋದು ನಡೀತಿರ್ತದೆ. ಬಲವಾಗಿ ತಿಕ್ಕಿದ್ರೆ, ಬಿಸಿ ಶಾಖ ಕೊಟ್ರೆ ಮತ್ತೆ ರಕ್ತ ಸೋರುತ್ತದೆ. ಹತ್ತು ದಿನ ಕಳೆದ ಮೇಲೆ ಸುತ್ತಲಿನ ಬಿಗಿತಕ್ಕೆ ಹಗುರ ಮಸಾಜ್ ಬೇಕಾದ್ರೆ ಮಾಡ್ಲಿ, ಗಾಯದ ಮೇಲೆ ಹೆಬ್ಬೆಟ್ಟು ಊರಿ ಅಲ್ಲ. ಅರಿಶಿನ ಹಚ್ಚೋದ್ರಿಂದ ಲಾಭ ಇಲ್ಲ, ಹಾನಿಯೂ ಇಲ್ಲ.

ಗುಳಿಗೆ ಬಗ್ಗೆ ಒಂದು ಮಾತು. ಮೊದಲ ಎರಡು ದಿನ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಿಟ್ಟು ಪ್ಯಾರಾಸಿಟಮಾಲ್ ಸಾಕು. ನೋವಿನ ಇಂಜೆಕ್ಷನ್ ಚುಚ್ಚಿಸಿ ಮೈದಾನಕ್ಕೆ ಇಳಿಸೋದು ಅರ್ಧ ಹರಿದದ್ದನ್ನ ಪೂರಾ ಹರಿಯೋ ದಾರಿ. ಬರ್ಫ್ ಮೊದಲ ಎರಡು ಮೂರು ದಿನ ನೋವಿಗಾಗಿ, ಬಟ್ಟೆ ಸುತ್ತಿ 10 ರಿಂದ 15 ನಿಮಿಷ, ಮೂರು ತಾಸಿಗೊಮ್ಮೆ. ನಾಲ್ಕನೇ ದಿನಕ್ಕೆ ಅದರ ಕೆಲಸ ಮುಗೀತು.

ಕ್ರೇಪ್ ಬ್ಯಾಂಡೇಜ್ 10 ಸೆಂ.ಮೀ. ಅಗಲದ್ದು ತಗೊಳ್ರಿ. ಹೆಚ್ಚಿನವರು ಮೀನಖಂಡಕ್ಕಷ್ಟೇ ಸುತ್ತುತ್ತಾರೆ, ಆಗ ಪಾದ ಬಾಯುತ್ತದೆ. ಬೆರಳ ಬುಡದಿಂದ ಶುರು ಮಾಡಿ, ಕಣಕಾಲಿಗೆ ಎಂಟರ ಆಕಾರದಲ್ಲಿ ಸುತ್ತಿ, ಅರ್ಧರ್ಧ ಮೇಲೇರಿಸಿಕೊಂಡು ಮೊಣಕಾಲಿನ ಎರಡು ಬೆರಳು ಕೆಳಗೆ ನಿಲ್ಲಿಸ್ರಿ. ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ರೆ ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರಬೇಕು. ಮಲಗುವಾಗ ಬಿಚ್ಚಿಡ್ರಿ.

ಎಡಗಡೆ ಬ್ಯಾಕ್, ಕಲಬುರಗಿ:
ಹಿಂಡಿ ನೋಡಿದ್ವಿ, ಪಾದ ಕೆಳಗ ಹೋಗ್ತದ. ಬಾವು ಒಳಗಡೆ ಬಾಜು ಮ್ಯಾಲ ಒಂದೇ ಕಡೆ ಅದ, ಬಿಸಿ ಇಲ್ಲ. ಅಲ್ಟ್ರಾಸೌಂಡದಾಗ ಒಳಬದಿಯ ಗ್ಯಾಸ್ಟ್ರೊಕ್ನೀಮಿಯಸ್, ಎರಡನೇ ದರ್ಜೆ ಅಂತ ಬರದಾರ. ಎಷ್ಟು ದಿನ ಬೇಕ್ರಿ?

ತರಬೇತಿ ಮಾಸ್ತರ್, ಯಾದಗಿರಿ:
ಒಂದನೇ ದರ್ಜೆ, ಅಂದ್ರೆ ಕೆಲವೇ ಎಳೆ ಹರಿದದ್ದು, ಸಾಧಾರಣ ಒಂದರಿಂದ ಮೂರು ವಾರ, ಎರಡನೇದು, ಅಂದ್ರೆ ಅರ್ಧಂಬರ್ಧ ಹರಿದದ್ದು, ನಾಲ್ಕರಿಂದ ಎಂಟು ವಾರ, ಪೂರಾ ಹರಿದದ್ದು ಮೂರು ತಿಂಗಳಿಗೂ ಮೇಲೆ. ಒಳಗಿನ ಸ್ನಾಯುರಜ್ಜುವಿನ ಎಳೆ ಹರಿದಿದ್ರೆ ದರ್ಜೆ ಏನೇ ಇರಲಿ, ತಡ ಆಗ್ತದೆ. ಆದ್ರೆ ಕ್ಯಾಲೆಂಡರ್ ನೋಡಿ ಆಡಿಸಬ್ಯಾಡ್ರಿ, ಕಾಲು ಯಾವ ಪರೀಕ್ಷೆ ಪಾಸು ಮಾಡ್ಯದ ಅದನ್ನ ನೋಡ್ರಿ.

ಹಿಂಗ್ಯಾಕ ಅಂದ್ರೆ, ಯುರೋಪಿನ 51 ತಂಡಗಳ ಗಾಯಗಳನ್ನ 2001 ರಿಂದ 2009 ರ ತನಕ ಲೆಕ್ಕ ಹಾಕಿ 2011 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ನಾಯು ಗಾಯಗಳ ಪೈಕಿ ಮೀನಖಂಡದ್ದು 13%. ಎಲ್ಲ ಸ್ನಾಯು ಗಾಯಗಳಲ್ಲಿ 16% ಮತ್ತೆ ಮರುಕಳಿಸಿದವು, ಹಾಗೆ ಮರುಕಳಿಸಿದಾಗ ಮೊದಲ ಸಲಕ್ಕಿಂತ 30% ಹೆಚ್ಚು ದಿನ ಹೊರಗೆ ಕೂರಬೇಕಾಯ್ತು. ಮೀನಖಂಡಕ್ಕೆ ದೊಡ್ಡ ಅಪಾಯ ಎರಡೇ: ವಯಸ್ಸು, ಮತ್ತು ಹಿಂದೊಮ್ಮೆ ಅಲ್ಲೇ ಆದ ಗಾಯ. ನಿಮ್ಮ ಹುಡುಗನಿಗೆ 32, ಎರಡನೇದೂ ಈಗ ಸೇರಿತು.

ಕರಿಮಣ್ಣು:
ಮಾಸ್ತರ್, ಗ್ಯಾಸ್ಟ್ರೊಕ್ನೀಮಿಯಸ್ ಮತ್ತ ಸೋಲಿಯಸ್ ಫರಕ್ ಸ್ವಲ್ಪ ಬಿಡಿಸಿ ಹೇಳ್ರಿ. ನಮ್ಮ ಕಡೆ ಎಲ್ಲಾದಕ್ಕೂ ನರ ಎಳದದ ಅಂದು ಮುಗಿಸ್ತಾರ.

ತರಬೇತಿ ಮಾಸ್ತರ್, ಯಾದಗಿರಿ:
ಮೇಲೆ ಉಬ್ಬಿ ಕಾಣೋದು ಗ್ಯಾಸ್ಟ್ರೊಕ್ನೀಮಿಯಸ್. ಅದು ಮೊಣಕಾಲು, ಕಣಕಾಲು ಎರಡೂ ಕೀಲು ದಾಟ್ತದ. ಅದಕ್ಕೇ ಮೊಣಕಾಲು ನೆಟ್ಟಗಾಗಿ, ಹಿಮ್ಮಡ ಕೆಳಗಿದ್ದು, ಒಮ್ಮೆಲೇ ನೆಲ ಒದ್ದಾಗ ಹರೀತದ. ಹೆಚ್ಚಾಗಿ ಒಳಬದಿಯಲ್ಲಿ, ಚಟ್ ಅಂತ. ಅದರಡಿ ಚಪ್ಪಟೆಯಾಗಿ ಇರೋದು ಸೋಲಿಯಸ್, ಕಣಕಾಲನ್ನ ಮಾತ್ರ ದಾಟ್ತದ. ಅದು ಸದ್ದು ಮಾಡಿ ಹರಿಯೋದು ಕಡಿಮಿ. ಎರಡು ಮೂರು ಪ್ರ್ಯಾಕ್ಟೀಸಿಂದ ಬಿಗಿ ಅನ್ನಸ್ತದ, ಓಡಿದಂಗ ಬಿಗಿತ ಏರ್ತದ, ಆಟಗಾರ ಕ್ರ್ಯಾಂಪ್ ಅಂದುಕೊಂಡು ಆಡ್ತಾನೇ ಇರ್ತಾನ. ಅಲ್ಟ್ರಾಸೌಂಡಿಗೂ ಇದು ಬಹಳ ಸಲ ಸಿಗೋದಿಲ್ಲ, ಎಂಆರ್‌ಐ ಬೇಕಾಗ್ತದ.

ಮೈದಾನದಲ್ಲೇ ಸುಳಿವು ಬೇಕಂದ್ರೆ ಮೊಣಕಾಲು ನೆಟ್ಟಗಿಟ್ಟು ಹಿಮ್ಮಡ ಎತ್ತಿಸ್ರಿ, ಆಮೇಲೆ ಮೊಣಕಾಲು ಮಡಚಿ ಎತ್ತಿಸ್ರಿ. ನೆಟ್ಟಗಿದ್ದಾಗ ಹೆಚ್ಚು ನೋವಾದ್ರೆ ಮೇಲಿನದು, ಮಡಚಿದಾಗ ಹೆಚ್ಚಾದ್ರೆ ಸೋಲಿಯಸ್. ಕ್ರ್ಯಾಂಪ್ ಆದ್ರೆ ಪಾದ ಮೇಲಕ್ಕೆಳೆದಾಗ ಹಗುರ ಆಗ್ತದ, ಹರಿದಿದ್ರೆ ಎಳೆದಾಗ ಚುಚ್ಚತದ.

ಮೇಲಿನದು ಹರಿದವನಿಗೂ ಸೋಲಿಯಸ್ ಗಟ್ಟಿ ಮಾಡಿಸಬೇಕು. ಓಡುವಾಗ ಅದರ ಮೇಲೆ ಮೈತೂಕದ 6 ರಿಂದ 8 ಪಟ್ಟು ಬಲ ಬೀಳ್ತದ. ಮ್ಯಾಚಿನ ಕೊನೆಯಲ್ಲಿ ಸೋಲಿಯಸ್ ಸೋತರೆ ಮೇಲಿನದಕ್ಕೆ ಹೊರೆ ಹೆಚ್ಚು.

ಗೋಲಿ, ಶಹಾಬಾದ್:
ನಮ್ಮಲ್ಲಿ ಮೊದಲನೇ ವಾರದಿಂದಲೇ ಪಾವಟಗಿ ಮ್ಯಾಲ ನಿಂತು ಹಿಮ್ಮಡ ಕೆಳಗ ಇಳಿಸಿ ಎಳಸ್ತಾರ. ಬಿಗಿ ಬಿಡಬೇಕಲ್ಲ.

ಫಿಸಿಯೊ, ಬೀದರ್:
ಮೊದಲ ವಾರದ ಬಿಗಿತ ಕಾಲು ತನ್ನನ್ನ ತಾನೇ ಕಾಯ್ಕೊಳ್ಳೋದು. ಹೊಸದಾಗಿ ಹೆಣೆದ ಎಳೆಯನ್ನ ಎಳೆದ್ರೆ ಬಿಚ್ಚಿಹೋಗ್ತದೆ, ಮತ್ತೆ ಒಂದನೇ ದಿನಕ್ಕೆ ಬರ್ತೀರಿ. ಪಾವಟಿಗೆಯ ವ್ಯಾಯಾಮ ಒಳ್ಳೇದೇ, ಮೂರನೇ ನಾಲ್ಕನೇ ವಾರಕ್ಕೆ ಇಟ್ಕೊಳ್ರಿ. ಮೊದಲ ವಾರ ಮಾಡಬೇಕಾದ್ದು ಇದರ ತದ್ವಿರುದ್ಧ: ಎರಡೂ ಪಾದರಕ್ಷೆಯಲ್ಲಿ ಹಿಮ್ಮಡದ ಕೆಳಗೆ 1 ಸೆಂ.ಮೀ. ಎತ್ತರದ ಪ್ಯಾಡ್. ಹಳೇ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿದ್ರೂ ನಡೀತದೆ. ಒಂದೇ ಕಾಲಿಗೆ ಹಾಕಿದ್ರೆ ಸೊಂಟ ಹಿಡೀತದೆ. ಮನೆಯಲ್ಲೂ ಬರಿಗಾಲಲ್ಲಿ ಓಡಾಡಬ್ಯಾಡ. ಕುಂಟದೆ ನಡೆಯೋಕೆ ಬಂದ ಮೇಲೆ ಪ್ಯಾಡ್ ಅರ್ಧ ಮಾಡಿ, ನಾಲ್ಕು ದಿನ ಬಿಟ್ಟು ತೆಗೆದುಬಿಡ್ರಿ. ಕೋಲು ಬೇಕಾದ್ರೆ ಬಲಗಾಲ ಗಾಯಕ್ಕೆ ಎಡಗೈಯಲ್ಲಿ.

ಇನ್ನ ಯಾರೂ ಹೇಳದ ಮೂರು ಸಂಗತಿ. ಕುಕ್ಕರಗಾಲಲ್ಲಿ ಕೂರೋ ಸಂಡಾಸಿನಲ್ಲಿ ಕಣಕಾಲು ಪೂರಾ ಮಡಚಿ, ಆಮೇಲೆ ಅದೇ ಸ್ಥಿತಿಯಿಂದ ಏಳಬೇಕು. ಎರಡು ವಾರ ಕಮೋಡ್ ಅಥವಾ ತೂತಿನ ಕುರ್ಚಿ ಬಳಸಲಿ. ನಮಾಜ್ ಮಾಡೋರು ಕುರ್ಚಿ ಮೇಲೆ ಮಾಡ್ಲಿ, ಬಲಪಾದದ ಬೆರಳು ಮಡಚಿ ಕೂರೋದು ಇದೇ ಸ್ನಾಯುವನ್ನ ಎಳೀತದೆ. ಮತ್ತೆ ಬೈಕಿಗೆ ಬಲಗಾಲಿಂದ ಕಿಕ್ ಹೊಡೀಬಾರದು, ಸೆಲ್ಫ್ ಇಲ್ಲದಿದ್ರೆ ಹಿಂದಿನ ಸೀಟಿಗೆ ಹೋಗ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮುಂದೆ, ಇಳಿಯುವಾಗ ಗಾಯದ ಕಾಲು ಮುಂದೆ.

ಎಡಗಡೆ ಬ್ಯಾಕ್, ಕಲಬುರಗಿ:
ಬೈಕಿನ ಮಾತು ಖರೇ ಅದರಿ, ದಿನಾ ಕಿಕ್ ಹೊಡೀಲಿಕ್ಕತ್ಯಾನ. ವ್ಯಾಯಾಮ ಯಾವುದರಿಂದ ಶುರು ಮಾಡಸ್ಲಿ? ಜಿಮ್ಮಿಗೆ ಹೋಗಂಗಿಲ್ಲ.

ತರಬೇತಿ ಮಾಸ್ತರ್, ಯಾದಗಿರಿ:
ಜಿಮ್ ಬ್ಯಾಡ. ಸ್ಟೂಲು, ಗ್ವಾಡಿ, ಪಾವಟಿಗೆ, ಮರಳು ತುಂಬಿದ ಚೀಲ ಇದ್ರೆ ಸಾಕು. ನೋವಿನ ಅಳತಿ ಮೊದಲು ಕಲಿಸ್ರಿ: ಸೊನ್ನೆಯಿಂದ ಹತ್ತರಲ್ಲಿ ಮೂರರ ತನಕ ನಡೀತದ, ಮರುದಿನ ಮುಂಜಾನೆ ಹಾಸಿಗೆಯಿಂದ ಎದ್ದು ಇಡೋ ಮೊದಲ ಹತ್ತು ಹೆಜ್ಜೆ ನಿನ್ನೆಯಷ್ಟೇ ಇರಬೇಕು. ಹೆಚ್ಚಾಗಿದ್ರೆ ಹಿಂದಿನ ದಿನದ್ದು ಜಾಸ್ತಿ ಆಯ್ತು ಅಂತ ತಿಳೀರಿ. ಮೀನಖಂಡ ಅವಾಗಿಂದವಾಗ ದೂರು ಹೇಳೋದಿಲ್ಲ, ರಾತ್ರಿ ಕಳೆದ ಮೇಲೆ ಹೇಳ್ತದ.

ಈ ವಾರ: ಕೂತು ಪಾದ ಮೇಲೆ ಕೆಳಗೆ 20 ಸಲ, ದಿನಕ್ಕ ನಾಲ್ಕೈದು ಸರ್ತಿ. ಸ್ಟೂಲಿನ ಮೇಲೆ ಕೂತು, ಪಾದದ ಮುಂಭಾಗದಿಂದ ನೆಲ ಒತ್ತಿ ಹಿಡಿಯೋದು, 30 ಸೆಕೆಂಡಿನ ಐದು ಸಲ, ನಡುವೆ ಒಂದು ನಿಮಿಷ ಬಿಡುವು. ಅಲುಗಾಟ ಇಲ್ಲ, ಬರೀ ಒತ್ತಡ.

ಕುಂಟೋದು ನಿಂತ ಮೇಲೆ: ಗ್ವಾಡಿ ಹಿಡಿದು ಎರಡೂ ಹಿಮ್ಮಡ ಎತ್ತೋದು, 15 ರ ಮೂರು ಸೆಟ್. ಎರಡು ಎಣಿಕೆಗೆ ಮೇಲೆ, ಒಂದು ತಡೆದು, ಮೂರು ಎಣಿಕೆಗೆ ಕೆಳಗೆ. ಹಗುರ ಅನ್ನಿಸಿದ್ರೆ ಎರಡೂ ಕಾಲಿಂದ ಏರಿ ಗಾಯದ ಕಾಲಿಂದ ಇಳಿಯೋದು. ಆಮೇಲೆ ಒಂದೇ ಕಾಲಿಂದ ಏರಿಳಿಯೋದು, ಮೊದಲು ಸಮ ನೆಲದ ಮೇಲೆ. ಗೋಲಿ ಸಾಹೇಬ್ರ ಪಾವಟಗಿ ಇದಾದ ಮೇಲೆ.

ಇದರ ಜೋಡಿ ಸೋಲಿಯಸ್ಸಿಗೆ: ಸ್ಟೂಲಿನ ಮೇಲೆ ತೊಡೆ ಸಮ ಇರೋ ಹಾಗೆ ಕೂತು, ಮೊಣಕಾಲಿನ ಹತ್ತಿರ ಮರಳಿನ ಚೀಲ ಇಟ್ಟು ಹಿಮ್ಮಡ ಎತ್ತೋದು. 10 ಕೆ.ಜಿ.ಯಿಂದ ಶುರು, ವಾರಕ್ಕ 5 ಕೆ.ಜಿ. ಏರಿಸ್ತಾ ಮೈತೂಕದ ಅರ್ಧಕ್ಕೆ ತಂದು ನಿಲ್ಲಿಸ್ರಿ. 65 ಕೆ.ಜಿ. ಇದ್ದವನಿಗೆ ಒಂದೇ ಕಾಲಿನ ಮೇಲೆ 30 ಕೆ.ಜಿ. ಆಚೀಚೆ, ಹತ್ತರ ನಾಲ್ಕು ಸೆಟ್. ದಿನ ಬಿಟ್ಟು ದಿನ, ಒಳ್ಳೇ ಕಾಲಿಗೂ ಮಾಡಸ್ರಿ. ಎಲ್ಲರೂ ಬಿಡೋದು ಇದನ್ನೇ, ಮಾಡಿದ್ದು ಕಣ್ಣಿಗೆ ಕಾಣೋದಿಲ್ಲ ಅಂತ.

ಕೆಡೋದು ಹೆಂಗಂದ್ರೆ: ಭಾರ ಕಿರುಬೆರಳಿನ ಕಡೆ ಹೊರಳ್ತದ, ಹೆಬ್ಬೆರಳಿನ ಬುಡದ ಮೇಲೆ ಇರಬೇಕು. ಸುಸ್ತಾದಂಗ ಮೊಣಕಾಲು ಮಡಚಿ ಕಳ್ಳತನ ಮಾಡ್ತಾರ. ಪುಟಿದು ಪುಟಿದು ಮಾಡಿದ್ರೆ ಸ್ನಾಯು ಅಲ್ಲ, ಸ್ನಾಯುರಜ್ಜುವಿನ ಸ್ಪ್ರಿಂಗ್ ಕೆಲಸ ಮಾಡ್ತದ. ಎತ್ತರ ಕಡಿಮಿ ಆಗೋದು ಯಾರ ಗಮನಕ್ಕೂ ಬರೋದಿಲ್ಲ. ಇದಕ್ಕೊಂದು ಉಪಾಯ: ಹೊಸದಾಗಿದ್ದಾಗ ಹಿಮ್ಮಡ ಪೂರಾ ಎತ್ತಿ ನಿಂತಾಗ ತಲೆ ಮುಟ್ಟೋ ಎತ್ತರಕ್ಕೆ ಬಾಗಿಲ ಚೌಕಟ್ಟಿಗೆ ದಾರ ಕಟ್ರಿ. ತಲೆ ದಾರ ಮುಟ್ಟದ ಸಲ ಎಣಿಕೆ ಅಲ್ಲೇ ನಿಲ್ಲಸ್ರಿ.

ಕರಿಮಣ್ಣು:
ದಾರದ ಉಪಾಯ ಛಲೋ ಅದ. ನಮ್ಮ ಹುಡುಗರು 40 ಮಾಡಿದ್ವಿ ಅಂತಾರ, ದಾರ ಕಟ್ಟಿದ್ರ 14 ಕ್ಕ ನಿಂದರ್ತಾರ. ಹಗುರ ಓಟ ಎರಡನೇ ವಾರದಿಂದ ಶುರು ಮಾಡಿದ್ರ ನಡೀತದಲ್ಲ? ಅಪ್ಪನ ಕೆರಿ ಸುತ್ತ ಮೆಲ್ಲಗ.

ತರಬೇತಿ ಮಾಸ್ತರ್, ಯಾದಗಿರಿ:
ಇಲ್ಲೇ ಎಲ್ಲರೂ ಎಡವೋದು. ಮೀನಖಂಡಕ್ಕೆ ಹಗುರ ಓಟ ಅನ್ನೋದು ಇಲ್ಲ. ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಆದ್ರೆ ವೇಗ ಏರಿದಂಗ ಹೊರೆ ಏರ್ತದ, ಮೆಲ್ಲಗೆ ಓಡಿದ್ರೆ ಬಚಾವ್. ಸೋಲಿಯಸ್ಸಿಗೆ ಜಾಗಿಂಗಿನಲ್ಲೇ ದೊಡ್ಡ ಹೊರೆ ಬಿದ್ದಿರ್ತದ. ಮೆಲ್ಲಗೆ ಓಡಿದ್ರೆ ಅಷ್ಟೇ ದೂರಕ್ಕೆ ಹೆಜ್ಜೆಗಳೂ ಜಾಸ್ತಿ. ಅರ್ಧ ತಾಸು ಮೆಲ್ಲಗೆ ಓಡೋದು ಅಂದ್ರೆ ಒಂದೊಂದು ಕಾಲಿಗೆ ಎರಡು ಸಾವಿರಕ್ಕೂ ಮೇಲೆ ಒದೆತ.

ಓಡೋ ಮೊದಲು ಮೂರು ಬಾಗಿಲು ದಾಟಬೇಕು. ಕೆರೆ ಸುತ್ತ 30 ನಿಮಿಷ ಬಿರುಸು ನಡಿಗೆ, ನೋವಿಲ್ಲದೆ. ದಾರ ಮುಟ್ಟಿ ಒಂದೇ ಕಾಲಿಂದ 15 ರಿಂದ 20 ಸಲ. ಎರಡೂ ಕಾಲಿಂದ ಸಣ್ಣಗೆ 20 ಜಿಗಿತ, ಮರುದಿನ ಬಿಗಿತ ಇಲ್ಲದೆ. ದಾಟಿದ ಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ. ಮರುದಿನ ಓಟ ಇಲ್ಲ, ಚೀಲದ ವ್ಯಾಯಾಮ ಮಾತ್ರ. ಎರಡು ನಿಮಿಷ, ಮೂರು ನಿಮಿಷಕ್ಕೆ ಏರಿಸ್ರಿ. ಒಂದೇ ವಾರದಲ್ಲಿ ದೂರ, ವೇಗ ಎರಡೂ ಏರಿಸಬ್ಯಾಡ್ರಿ.

ಸತತ 20 ನಿಮಿಷ ಓಡಿದ ಮೇಲೆ ವೇಗ. 60 ಮೀಟರ್ ಗುರುತು ಹಾಕ್ರಿ: 15 ರಲ್ಲಿ ವೇಗ ಏರಿಸೋದು, 30 ಕಾಯ್ಕೊಳ್ಳೋದು, 15 ರಲ್ಲಿ ಇಳಿಸೋದು. ಪೂರ್ಣ ವೇಗದ 60% ನಿಂದ ಶುರು, ಆರರಿಂದ ಎಂಟು ಸಲ. ಎರಡು ಸರದಿ ಸುಸೂತ್ರ ಆದ್ರೆ 70, 80, 90. ತಿರುಗೋದು, ಅಡ್ಡ ಓಡೋದು ಆಮೇಲೆ. ನಿಂತಲ್ಲಿಂದ ಸಿಡಿದು ಓಡೋದು ಎಲ್ಲಕ್ಕಿಂತ ಕೊನೆಗೆ. ಅವನ ಕಾಲು ಹರಿದದ್ದು ಹಾಗೇ ಅಲ್ಲ? ನೇರ ಓಟದಲ್ಲಿ ಚೆನ್ನಾಗಿ ಓಡಿದ ಅಂತ ಆಡಿಸಿದವರ ಕಾಲು ಥ್ರೋ-ಇನ್ನಿನ ಹಿಂದೆ ಒಂದು ಸಿಡಿತಕ್ಕೆ ಮತ್ತೆ ಹೋಗ್ತದ.

ಕರಿಮಣ್ಣು:
ಹಂಗಾದ್ರ ಬೂಟಿನ ಮಾತು ನಾ ಹೇಳ್ತೀನಿ. ಓಡೋ ಬೂಟಿನ್ಯಾಗ ಹಿಮ್ಮಡ ಮುಂಭಾಗಕ್ಕಿಂತ 8 ರಿಂದ 10 ಮಿ.ಮೀ. ಎತ್ತರ ಇರ್ತದ, ಫುಟ್‌ಬಾಲ್ ಬೂಟು ಹೆಚ್ಚುಕಮ್ಮಿ ಸಪಾಟು. ನಾಲ್ಕು ವಾರ ಓಡೋ ಬೂಟಿನ್ಯಾಗ ತಯಾರಾಗಿ, ಒಂದೇ ದಿನ ಸ್ಟಡ್ ಹಾಕಿ ತಾಸು ಆಡಿದ್ರ ಮೀನಖಂಡಕ್ಕ ಅದು ಹೊಸ ಹೊರಿ. ಮೊದಲು 10 ನಿಮಿಷ ಚೆಂಡು ಪಾಸ್ ಮಾಡ್ಲಿ, ಆಮ್ಯಾಲ 20, ಆಮ್ಯಾಲ ಅರ್ಧ ಪ್ರ್ಯಾಕ್ಟೀಸ್.

ನಮ್ಮ ಎರಿ ಮಣ್ಣು ಬ್ಯಾಸಗಿಯಾಗ ಬಿರುಕು ಬಿಟ್ಟು ಫರಸಿಕಲ್ಲಿನಂಗ ಆಗ್ತದ. ಉದ್ದ ಸ್ಟಡ್ ನೆಲಕ್ಕ ಇಳಿಯಂಗಿಲ್ಲ, ಆಟಗಾರ ಸ್ಟಡ್ ತುದಿ ಮ್ಯಾಲೇ ನಿಂತಂಗ. ನವೆಂಬರಿನಿಂದ ಜೂನ್ ತನಕ ಸಣ್ಣ ರಬ್ಬರ್ ಗುಬ್ಬಿಯ ಟರ್ಫ್ ಬೂಟೇ ಬೇಕು. ಮಳಿಗಾಲದಾಗ ಅದೇ ಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲು ಭಾರ ಆಗ್ತದ, ಹಾಫ್ ಟೈಮಿಗೆ ಕಡ್ಡಾಯ ಕೆರೀರಿ. ಬಿರುಕಿನ ಜಾಗದಾಗ ಓಡಿಸಬ್ಯಾಡ್ರಿ, ಹಿಮ್ಮಡ ಸಿಗಬಿದ್ದು ಒಮ್ಮೆಲೇ ಕೆಳಗ ಜಗ್ಗತದ. ಏಪ್ರಿಲ್, ಮೇದಾಗ 42 ಡಿಗ್ರಿ ದಾಟೋ ಊರಿದು, ಓಟ ನಸುಕಿನ್ಯಾಗ ಮುಗಸ್ರಿ.

ಗೋಲಿ, ಶಹಾಬಾದ್:
ಊಟ ಏನರ ಬದಲು ಮಾಡಬೇಕೇನ್ರಿ? ಪೌಡರ್ ತಗೋ ಅಂತಾರ. ಮತ್ತ ರೋಜಾ ಹಿಡಿಯೋ ಹುಡುಗರಿಗೆ?

ಫಿಸಿಯೊ, ಬೀದರ್:
ಪೌಡರ್ ಬೇಕಿಲ್ಲ. ಮೈತೂಕದ ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್ ಸಾಕು, 65 ಕೆ.ಜಿ.ಗೆ ಸುಮಾರು 105 ಗ್ರಾಂ. 100 ಗ್ರಾಂ ಹಸಿ ತೊಗರಿ ಬೇಳೆಯಲ್ಲಿ 22 ಗ್ರಾಂ ಹತ್ತಿರ, ಅಷ್ಟೇ ಶೇಂಗಾದಲ್ಲಿ 25, ಒಂದು ತತ್ತಿಯಲ್ಲಿ 6. ರೊಟ್ಟಿ ಜೋಡಿ ಗಟ್ಟಿ ಬ್ಯಾಳಿ, ಶೇಂಗಾ ಹಿಂಡಿ, ಮೊಸರು, ಮೂರು ತತ್ತಿ ಇದ್ರೆ ಬಹುತೇಕ ಮುಟ್ಟತದೆ. ಗಾಯ ಆಗಿದೆ, ಓಡ್ತಿಲ್ಲ ಅಂತ ಊಟ ಕಡಿಮೆ ಮಾಡಬಾರದು. ಬೀಡಿ, ಸಿಗರೇಟ್, ಗುಟ್ಕಾ ಬಿಡ್ಲಿ. ರೋಜಾ ಇದ್ದವರು ಭಾರದ ವ್ಯಾಯಾಮವನ್ನ ಇಫ್ತಾರ್ ಆಗಿ ಒಂದೂವರೆ ತಾಸಿನ ನಂತರ ಮಾಡ್ಲಿ.

ಎಡಗಡೆ ಬ್ಯಾಕ್, ಕಲಬುರಗಿ:
ಕ್ಯಾಪ್ಟನ್ನಿಗೆ ಇದೆಲ್ಲ ಓದಿಸೀನಿ. ಟೇಪ್ ಹಚ್ಚಿ ಬರೇ ಕೊನೀ 20 ನಿಮಿಷ ಇಳಸಿದ್ರ ಅಂತ ಕೇಳ್ತಾನ. ತನ್ನದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಚುಚ್ಚೋ ಪಿಆರ್‌ಪಿ ಇಂಜೆಕ್ಷನ್ ಸುದ್ದಿ ಬ್ಯಾರೆ ಎಲ್ಲೋ ಕೇಳ್ಯಾನ.

ಫಿಸಿಯೊ, ಬೀದರ್:
ಟೇಪ್ ಚರ್ಮದ ಮೇಲೆ ಕೂಡ್ತದೆ, ಮೈತೂಕದ ಆರು ಪಟ್ಟು ಬಲವನ್ನ ಅದು ಹೊರೋದಿಲ್ಲ. ಕೊನೇ 20 ನಿಮಿಷ ಅಂದ್ರೆ ತಣ್ಣಗಿರೋ ಕಾಲನ್ನ ಎಲ್ಲರಿಗಿಂತ ವೇಗದ ಆಟಕ್ಕೆ ತಳ್ಳೋದು. ಪಿಆರ್‌ಪಿ ಬಗ್ಗೆ 2014 ರಲ್ಲಿ ನೆದರ್ಲೆಂಡ್ಸಿನವರು ಹ್ಯಾಮ್‌ಸ್ಟ್ರಿಂಗ್ ಗಾಯದ ಮೇಲೆ ಪರೀಕ್ಷೆ ಮಾಡಿದ್ರು, ಉಪ್ಪುನೀರು ಚುಚ್ಚಿದವರಿಗಿಂತ ಬೇಗ ಯಾರೂ ಮೈದಾನಕ್ಕೆ ಮರಳಲಿಲ್ಲ. ಆ ದುಡ್ಡಲ್ಲಿ ಟರ್ಫ್ ಬೂಟು ತಗೊಳ್ರಿ.

ತರಬೇತಿ ಮಾಸ್ತರ್, ಯಾದಗಿರಿ:
ಕ್ಯಾಪ್ಟನ್ನಿಗೆ ಪಾಸಿನ ಪಟ್ಟಿ ಕೊಡ್ರಿ, ವಾದ ಮಾಡಬ್ಯಾಡ್ರಿ. ದಾರ ಮುಟ್ಟಿ ಒಂದೇ ಕಾಲಿಂದ ಕನಿಷ್ಠ 25, ಒಳ್ಳೇ ಕಾಲಿನ 90% ಆದ್ರೂ ಬರಬೇಕು. ಗಾಯದ ಕಾಲೊಂದರಲ್ಲೇ ಮುಂದಕ್ಕೆ ಮೂರು ಜಿಗಿತ, ದೂರ ಅಲ್ಲೂ 90%. ನಿಂತಲ್ಲಿಂದ ಪೂರ್ಣ ವೇಗದ ಆರು ಸಿಡಿತ, ಸುಸ್ತಾಗೋ ಮೊದಲಲ್ಲ, ಪ್ರ್ಯಾಕ್ಟೀಸಿನ ಕೊನೆಯಲ್ಲಿ. ತಂಡದ ಜೋಡಿ ಪೂರಾ ಪ್ರ್ಯಾಕ್ಟೀಸ್ ನಾಲ್ಕು ಸಲ, ಮರುದಿನದ ಮೊದಲ ಹತ್ತು ಹೆಜ್ಜೆ ಸಾಫ್. ಮೊದಲ ಮ್ಯಾಚಿನಲ್ಲಿ 25 ನಿಮಿಷ, ಹಾಫ್ ಟೈಮಿನಲ್ಲಿ ಬಿಸಿ ಮಾಡ್ಕೊಂಡು ಎರಡನೇ ಹಾಫಿನ ಶುರುವಿಗೇ ಇಳೀಲಿ. ಆಮೇಲೆ 45, ಆಮೇಲೆ 70. ಮೊದಲ ಎರಡು ತಿಂಗಳು ಮೂರು ದಿನದಲ್ಲಿ ಎರಡು ಮ್ಯಾಚ್ ಆಡಿಸಬ್ಯಾಡ್ರಿ. ಚೀಲದ ವ್ಯಾಯಾಮ ವಾರಕ್ಕ ಎರಡು ಸಲ, ಸೀಸನ್ ಮುಗಿಯೋ ತನಕ, ಮ್ಯಾಚಿನ ಹಿಂದಿನ ದಿನ ಬಿಟ್ಟು.

ಎಡಗಡೆ ಬ್ಯಾಕ್, ಕಲಬುರಗಿ:
ಆಯ್ತ್ರಿ. 11 ದಿನದ ಮ್ಯಾಚಿಗೆ ಬ್ಯಾರೆ ಹುಡುಗನ್ನ ಹಾಕ್ತೀವಿ. ಮರಳಿನ ಚೀಲ ತೂಕ ಮಾಡಿಸಿ ತರಬೇಕು. ಬೈಕಿನ ಕೀಲಿ ನಾನೇ ಇಟ್ಕೊಂಡೀನಿ.

ಫಿಸಿಯೊ, ಬೀದರ್:
ಚೀಲದ ಕೆಳಗೆ ಮಡಚಿದ ಟವೆಲ್ ಇಡ್ರಿ, ಇಲ್ಲಾಂದ್ರೆ ಮೊಣಚಿಪ್ಪಿನ ಮೇಲೆ ಒತ್ತತದೆ. ಈ ವಾರ ಚೀಲ ಬ್ಯಾಡ, ಬರೀ ನೆಲ ಒತ್ತೋದು. ಮೂರು ದಿನ ಬಿಟ್ಟು ಮುಂಜಾನೆಯ ಹತ್ತು ಹೆಜ್ಜೆ ಹೆಂಗಿವೆ ಅಂತ ಇಲ್ಲೇ ಬರೀರಿ.